ಒಲೆಯ ಮುಂದಿನ ತಗಡು

ಆಷಾಢದ ಗಾಳಿ ಶುರುವಾದಾಗಿನಿಂದ ನಮ್ಮ ಮನೆಯ ರೊಟ್ಟಿ ಕೆಟ್ಟಿದೆ. ಹಿತ್ತಲಿನ ಕಟ್ಟಿಗೆ ಒಲೆಗೆ ಗಾಳಿ ನೇರವಾಗಿ ಹೊಡೆಯುತ್ತದೆ. ಉರಿ ಒಂದು ಕಡೆ ವಾಲುತ್ತದೆ, ಹಂಚು ಅರ್ಧ ಕಾಯುತ್ತದೆ, ರೊಟ್ಟಿ ಒಂದು ಮಗ್ಗುಲು ಕರಕಲು, ಇನ್ನೊಂದು ಮಗ್ಗುಲು ಹಸಿ. ಊಟಕ್ಕೆ ಕೂತಾಗ ಹೆಂಡತಿ ಏನೂ ಅನ್ನುವುದಿಲ್ಲ, ನಾನೂ ಅನ್ನುವುದಿಲ್ಲ. ಅನ್ನುವವಳು ಅಕ್ಕ ಒಬ್ಬಳೇ. "ಆ ತಗಡು ಇದ್ದಿದ್ರ ಹಿಂಗಾಕ್ಕಿತ್ತೇನು?" ಎಂದು ದಿನಕ್ಕೊಮ್ಮೆ ಕೇಳುತ್ತಾಳೆ. ನಾನು ಕೇಳಿಸದವನ ಹಾಗೆ ಚಟ್ನಿ ಹಚ್ಚಿಕೊಂಡು ನುಂಗುತ್ತೇನೆ.

ಎರಡು ವರ್ಷ ಆ ಒಲೆಗೆ ಮರೆಯಾಗಿ ನಿಂತಿದ್ದ ತಗಡು ಅದು. ಎರಡು ಮೊಳ ಉದ್ದ, ಬೆಳ್ಳಗೆ ಹೊಳೆಯುವ ಮೈ, ಮೈತುಂಬ ಸಣ್ಣ ಉಬ್ಬುಗಳು, ಮೂಲೆಗೊಂದರಂತೆ ನಾಲ್ಕು ತೂತು. ಯಾರೋ ಒಲೆಗೆಂದೇ ಬಗ್ಗಿಸಿ ಮಾಡಿದ್ದಾರೆ ಎನ್ನುವಂತೆ ಕಮಾನಾಗಿತ್ತು. ಅಕ್ಕ ಅದನ್ನು ಬೂದಿ ಹಚ್ಚಿ ತಿಕ್ಕಿ ಒಲೆಯ ಸುತ್ತ ನಿಲ್ಲಿಸಿದ ದಿನ ಉರಿ ನೆಟ್ಟಗೆ ಎದ್ದು ನಿಂತಿತು. ಬೀದಿಯ ಹೆಂಗಸರೆಲ್ಲ ಬಂದು ನೋಡಿದರು. "ನನ್ನ ತಮ್ಮ ತಂದಾನ," ಎಂದು ಅವಳು ಎಲ್ಲರಿಗೂ ಹೇಳಿದಳು. ಹೇಳುವಾಗ ನಾನೂ ಅಲ್ಲೇ ಎದೆ ಉಬ್ಬಿಸಿ ನಿಂತಿದ್ದೆ. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಆ ತಗಡು ನನ್ನ ಕಾರಿನದು. ಕಾರಿನ ಹೊಟ್ಟೆಯ ಕೆಳಗೆ ಎಂಜಿನ್ನಿನ ಸುಟ್ಟ ಹೊಗೆ ಹಾದುಹೋಗುವ ಪೈಪಿಗೂ ನಾವು ಕಾಲಿಡುವ ನೆಲಕ್ಕೂ ನಡುವೆ ಇರಬೇಕಾದದ್ದು.

ನಾನು ಸಿರುಗುಪ್ಪದಲ್ಲಿ ವಿಜ್ಞಾನದ ಮಾಸ್ತರ. ಶಾಖ ಹರಿಯುವ ಬಗೆ ಮೂರು, ವಹನ, ಸಂವಹನ, ವಿಕಿರಣ ಎಂದು ಇಪ್ಪತ್ತೇಳು ವರ್ಷದಿಂದ ಕರಿಹಲಗೆಯ ಮೇಲೆ ಬರೆಯುತ್ತ ಬಂದಿದ್ದೇನೆ. ಹೊಳೆಯುವ ಮೈ ಶಾಖವನ್ನು ಹಿಂದಕ್ಕೆ ತಳ್ಳುತ್ತದೆ ಎಂದು ಮಕ್ಕಳ ಬಾಯಲ್ಲಿ ಹತ್ತು ಸಲ ಹೇಳಿಸುತ್ತೇನೆ. ಹೇಳದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ಇಂಥ ನಾನು, ನನ್ನ ಕಾರಿನ ಹೊಳೆಯುವ ತಗಡನ್ನು ನನ್ನ ಕೈಯಾರೆ ಬಿಚ್ಚಿಸಿ ತಂದು ಒಲೆಗೆ ಕೊಟ್ಟೆ.

ಕಾರಿನ ಮೇಲಿನ ನನ್ನ ಮೋಹದ ಬಗ್ಗೆ ಎರಡು ಮಾತು ಹೇಳದಿದ್ದರೆ ನಿಮಗೆ ಇದು ಅರ್ಥವಾಗಲಿಕ್ಕಿಲ್ಲ. ಹದಿನಾಲ್ಕು ವರ್ಷದ ಡೀಸೆಲ್ ಗಾಡಿ, ನನ್ನ ಕೈಗೆ ಬರುವ ಹೊತ್ತಿಗೆ ಇಬ್ಬರ ಕೈ ದಾಟಿತ್ತು. ಆದರೆ ಹಿಂಬದಿಯಲ್ಲಿ ಟರ್ಬೊ ಎಂದು ಬೆಳ್ಳಿ ಅಕ್ಷರ ಇತ್ತಲ್ಲ, ಅದಕ್ಕೆ ನಾನು ಸೋತೆ. ಸುಮ್ಮನೆ ಹೊರಗೆ ಹೋಗುವ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಆ ಚಕ್ರದಿಂದ ಎಂಜಿನ್ನಿಗೆ ಇನ್ನಷ್ಟು ಗಾಳಿ ತುಂಬುವ ಯಂತ್ರ ಅದು. ಸಾಲೆಯ ಸ್ಟಾಫ್ ರೂಮಿನಲ್ಲಿ ಇದನ್ನು ವಿವರಿಸಲು ನಾನು ಅವಕಾಶ ಹುಡುಕುತ್ತಿದ್ದೆ. ಕನ್ನಡ ಮಾಸ್ತರು ಚಹದ ಲೋಟ ಹಿಡಿದು ಎದ್ದು ಹೋಗುವವರೆಗೆ ಬಿಡುತ್ತಿರಲಿಲ್ಲ.

ಆ ಗಾಡಿಗೆ ಇದ್ದದ್ದು ಒಂದೇ ಊನ. ತಗ್ಗಿಗೆ ಬಿದ್ದಾಗ ಹೊಟ್ಟೆಯೊಳಗೆ ಗಲಗಲ ಸದ್ದು. "ಗಾಡಿಗೆ ಗೆಜ್ಜಿ ಕಟ್ಟೀಯೇನೋ ತಮ್ಮಾ? ಮಾಸ್ತರ ಬಂದ ಅಂತ ಊರಿಗೆಲ್ಲ ಗೊತ್ತಾಗತೈತಿ," ಎಂದು ಅಕ್ಕ ನಗುತ್ತಿದ್ದಳು. ನನಗೆ ಅವಮಾನ. ಒಮ್ಮೆ ಯಾರದೋ ಗೃಹಪ್ರವೇಶಕ್ಕೆ ಕುಡತಿನಿಗೆ ಹೋದಾಗ ರಸ್ತೆಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ತೋರಿಸಿದೆ. ಅಂಗಡಿಯವನು ಕೆಳಗೆ ನುಸುಳಿ, ಹೊರಬಂದು, ತಗಡಿನ ಬೋಲ್ಟು ತುಕ್ಕು ಹಿಡಿದಿದೆ ಎಂದ. "ಹೊಸಾದು ಹಾಕಿ ಬಿಗಿ ಮಾಡ್ಲೇನ್ರಿ ಸಾರ್, ಇಲ್ಲಾ ಬಿಚ್ಚಿ ಕೊಡ್ಲೇನ್ರಿ?" ಊಟದ ಪಂಕ್ತಿ ಕೂಡುವ ಹೊತ್ತಾಗಿತ್ತು. "ಬಿಚ್ಚಿಬಿಡಪಾ, ಕಂಪನಿಯವ್ರು ಚಂದಕ್ಕ ಹಾಕಿರ್ತಾರ," ಅಂದೆ. ಅವನು ಎರಡನೆಯ ಸಲ ಕೇಳಿದ. ನಾನು ಎರಡನೆಯ ಸಲವೂ ಅದನ್ನೇ ಅಂದೆ.

ಇನ್ನು ಅಕ್ಕನ ವಿಷಯ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನಮ್ಮ ಹುಟ್ಟೂರು ಕರೂರಿನಲ್ಲಿ ಅವ್ವ ತೀರಿಕೊಂಡಾಗ ನನಗೆ ಐದು ತುಂಬಿರಲಿಲ್ಲ. ಅಲ್ಲಿಂದ ನನ್ನ ಅವ್ವ ಅವಳೇ. ರೊಟ್ಟಿ ಬಡಿದು ಮಾರಿ ನನ್ನನ್ನು ಓದಿಸಿದಳು, ಗಂಡ ಹೋದ ಮೇಲೆ ನನ್ನ ಮನೆಗೇ ಬಂದಳು. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಲಿ ತಿರುವುತ್ತಾಳೆ. ಬೆರಳಿಗೆ ಬಿಸಿ ತಾಗುವುದಿಲ್ಲವೇ ಎಂದು ಕೇಳಿದರೆ ಅವಳದು ಒಂದೇ ಮಾತು: "ನೋಯಂಗಿಲ್ಲ ಬಿಡೋ."

ಈ ಮಾತನ್ನು ನಾನು ಮೊದಲು ಕೇಳಿದ್ದು ಏಳನೆಯ ವಯಸ್ಸಿನಲ್ಲಿ. ಯಾವುದೋ ಕೆಲಸಕ್ಕೆ ಸಿರುಗುಪ್ಪಕ್ಕೆ ಹೊರಟಿದ್ದೆವು, ಬಸ್ಸು ತಪ್ಪಿತ್ತು, ನಡೆಯುತ್ತಿದ್ದೆವು. ಕಾಲುವೆಯ ದಂಡೆಯಲ್ಲಿ ಕೂತು ನೀರಿಗೆ ಕಾಲು ಬಿಟ್ಟ ನಾನು ಎರಡೂ ಚಪ್ಪಲಿಯನ್ನು ಕಾಲುವೆಗೆ ಅರ್ಪಿಸಿದೆ. ಒಂದು ಜಾರಿ ಬಿತ್ತು, ಅದನ್ನು ಹಿಡಿಯಲು ಬಗ್ಗಿದಾಗ ಇನ್ನೊಂದೂ ಹೋಯಿತು. ಮಧ್ಯಾಹ್ನದ ಡಾಂಬರು ರಸ್ತೆ ಕಾದು ಮೆತ್ತಗಾಗಿತ್ತು. ಅಕ್ಕ ತನ್ನ ಚಪ್ಪಲಿ ಬಿಟ್ಟು ನನಗೆ ಹಾಕಿದಳು. ನಾನು ಆ ದೊಡ್ಡ ಚಪ್ಪಲಿಯಲ್ಲಿ ಪಟಪಟ ಸದ್ದು ಮಾಡುತ್ತ, ಅದೊಂದು ಆಟ ಎಂಬಂತೆ ನಡೆದೆ. ಅವಳು ಬರಿಗಾಲಲ್ಲಿ ಜಾಲಿಯ ನೆರಳಿನಿಂದ ನೆರಳಿಗೆ ಹಾರುತ್ತ, ನನ್ನನ್ನು ನಗಿಸುತ್ತ ಬಂದಳು. ಅವಳ ಅಂಗಾಲಿನಲ್ಲಿ ಎದ್ದ ಬೊಬ್ಬೆಗಳನ್ನು ಮರುದಿನ ನೋಡಿ ನಾನು ಅತ್ತೆ. "ನೋಯಂಗಿಲ್ಲ ಬಿಡೋ," ಅಂದಳು. ಅದು ಸುಳ್ಳು ಎಂದು ಏಳು ವರ್ಷದವನಿಗೂ ಗೊತ್ತಿತ್ತು.

ಐವತ್ತು ದಾಟಿದ ಮೇಲೆ ನನಗೆ ಅದು ಮರೆತುಹೋಗಿತ್ತು.

ಅಕ್ಕನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಯಿತು. ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಬಲಗಾಲ ಕಿರುಬೆರಳಿನ ಬುಡದಲ್ಲಿ ಚಪ್ಪಲಿ ಕಚ್ಚಿ ಒಂದು ಗಾಯವಾಯಿತು. ಹತ್ತು ಪೈಸೆ ಅಗಲದ ಗಾಯ. ಬಳ್ಳಾರಿಯ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರಮ್ಮ ಕಾಲನ್ನು ತಿರುಗಿಸಿ ನೋಡಿ, ಮೀನು ಹಿಡಿಯುವ ದಾರದಂಥ ಒಂದು ಗಟ್ಟಿ ಎಳೆ ತೆಗೆದುಕೊಂಡರು. "ಅಮ್ಮಾ, ಕಣ್ಣು ಮುಚ್ಚಿಕೊಳ್ಳಿ. ನಾನು ಮುಟ್ಟಿದ್ದು ಗೊತ್ತಾದಾಗ ಹೂಂ ಅನ್ನಿ," ಎಂದರು. ಅಕ್ಕ ಕಣ್ಣು ಮುಚ್ಚಿದಳು. ಡಾಕ್ಟರಮ್ಮ ಎಳೆಯಿಂದ ಅಂಗಾಲು ಮುಟ್ಟಿದರು. "ಹೂಂ." ಬೆರಳು ಮುಟ್ಟಿದರು. "ಹೂಂ." ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು ಸುಮ್ಮನೆ ನಿಂತರು. ಅಕ್ಕ ಸ್ವಲ್ಪ ಹೊತ್ತು ಕಾದು, ಮತ್ತೆ "ಹೂಂ" ಅಂದಳು. ಇನ್ನೂ ಸ್ವಲ್ಪ ಹೊತ್ತಿಗೆ, "ಹೂಂ, ಚಲೋ ಗೊತ್ತಾತು ನೋಡ್ರಿ."

ಡಾಕ್ಟರಮ್ಮ ನನ್ನ ಕಡೆ ನೋಡಿದರು. ಹೊರಗೆ ಕರೆದು ಹೇಳಿದರು: ಪಾದದಲ್ಲಿ ಸ್ಪರ್ಶವೇ ಇಲ್ಲ, ನೋವು ಗೊತ್ತಾಗುವುದಿಲ್ಲ, ಆದ್ದರಿಂದ ನೀವೇ ಕಣ್ಣಿಟ್ಟು ನೋಡಬೇಕು. ಮೂರು ವಾರದಲ್ಲಿ ಮಾಯದಿದ್ದರೆ ಬೆರಳು ತೆಗೆಯಬೇಕಾಗುತ್ತದೆ. ಮೇಲಕ್ಕೆ ಹಬ್ಬಿದರೆ ಪಾದ. ವಾರಕ್ಕೊಮ್ಮೆ ತಂದು ತೋರಿಸಿ, ಕಾಲನ್ನು ಕೆಳಗೆ ಇಳಿಬಿಡಬೇಡಿ.

ನಾನು ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಬಂದೆ. ಬಸ್ಸಿನಲ್ಲಿ ಕಾಲು ಇಳಿಬೀಳುತ್ತದೆ ಎಂದು ಪ್ರತಿ ಶನಿವಾರ ಕಾರಿನಲ್ಲೇ ಕರೆದೊಯ್ಯುವುದು ಎಂದು ತೀರ್ಮಾನಿಸಿದೆ. ಮುಂದಿನ ಸೀಟನ್ನು ಹಿಂದಕ್ಕೆ ತಳ್ಳಿ, ಕೆಳಗೆ ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಹಾಸಿ, ಅವಳ ಬಲಗಾಲನ್ನು ಅದರ ಮೇಲೆ ಗೇರಿನ ಕಡೆಯ ಉಬ್ಬಿಗೆ ಆನಿಸಿ ಇಡುವ ಏರ್ಪಾಡು ಮಾಡಿದೆ. ಅದು ಅಲುಗಾಡುವುದಿಲ್ಲ ಎಂದು ನನ್ನ ಲೆಕ್ಕ. ಗಾಡಿಯ ಹೊಗೆ ಪೈಪು ಹಾದುಹೋಗುವುದು ಸರಿಯಾಗಿ ಆ ಉಬ್ಬಿನ ಕೆಳಗೇ.

ಅದೇ ದಿನಗಳಲ್ಲಿ ಗಾಡಿಗೂ ಏನೋ ಆಗಿತ್ತು. ಎಳೆತ ಕಡಿಮೆಯಾಯಿತು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಹಿಂದೆ ಕರಿ ಹೊಗೆ. ಬಾನೆಟ್ಟಿನ ಒಳಗಿಂದ ಸುಂಯ್ ಎಂಬ ಉಸಿರು. ನಮ್ಮೂರಿನ ಮೆಕಾನಿಕ್ ನೋಡಿ, "ಬಿಸಿ ಆಗಾಕತೈತ್ರಿ," ಎಂದು ರೇಡಿಯೇಟರಿನ ನೀರು ಬದಲಿಸಿದ. ಇನ್ನೊಬ್ಬ ಡೀಸೆಲ್ ಕಲಬೆರಕೆ ಅಂದ. ನಾನು ಮೀಟರಿನ ಮುಳ್ಳನ್ನು ನಂಬಿದೆ. ಬಿಸಿಯನ್ನು ತೋರಿಸುವ ಮುಳ್ಳು ನಡುಮಧ್ಯೆ ನಿಂತಿತ್ತು, ಒಂದು ಕೂದಲಿನಷ್ಟೂ ಅತ್ತಿತ್ತ ಇಲ್ಲ. ಮುಳ್ಳು ಸರಿಯಿದ್ದರೆ ಗಾಡಿಗೆ ಜ್ವರ ಇಲ್ಲ ಎಂದು ವಿಜ್ಞಾನದ ಮಾಸ್ತರ ಸಮಾಧಾನ ಪಟ್ಟುಕೊಂಡ.

ಎರಡನೆಯ ಶನಿವಾರ ದಾರಿಯಲ್ಲಿ ಅಕ್ಕ, "ತಮ್ಮಾ, ಗಾಡಿ ಒಂದೀಟು ನಿಂದ್ರಸು. ಕಾಲು ಬಿಸಿ ಆದಂಗ ಅನಸಾಕತೈತಿ," ಎಂದಳು. ಪಾದಕ್ಕೆ ಗೊತ್ತಾಗದಿದ್ದರೂ ಮೊಣಕಾಲಿನ ಕೆಳಗೆ ಝಳ ಹೊಡೆದಿರಬೇಕು. ಅವಳು ಬಾಯಿಬಿಟ್ಟು ಏನನ್ನಾದರೂ ದೂರಿದ್ದು ನನ್ನ ನೆನಪಿನಲ್ಲಿ ಅದೊಂದೇ. ಆಸ್ಪತ್ರೆಯಲ್ಲಿ ಟೋಕನ್ ತಪ್ಪುತ್ತದೆ ಎಂಬ ಗಡಿಬಿಡಿ ನನಗೆ. "ನಾವು ಹೊಂಟಿದ್ದು ಬಳ್ಳಾರಿಗೆ ಅಕ್ಕಾ, ಊಟಿಗಲ್ಲ," ಅಂದೆ. ಮುಳ್ಳಿನ ಕಡೆ ಬೆರಳು ಮಾಡಿ, "ನೋಡಿಲ್ಲಿ, ಎಲ್ಲಾ ಬರೋಬರಿ ಐತಿ," ಅಂದೆ. ಅವಳೂ ನಕ್ಕಳು. ಗಾಡಿ ನಿಲ್ಲಿಸಲಿಲ್ಲ.

ನಮ್ಮ ಕಡೆಯವರ ಕಷ್ಟ ಇದು. ಬಳ್ಳಾರಿ ಸೀಮೆಯಲ್ಲಿ ಬಿಸಿ ಎನ್ನುವುದನ್ನು ಯಾರೂ ಒಂದು ದೂರು ಎಂದು ತಿಳಿಯುವುದಿಲ್ಲ. ನಲ್ಲಿಯ ನೀರು ಬಿಸಿ, ಸ್ಕೂಟರಿನ ಸೀಟು ಬಿಸಿ, ಕೋಟೆಗುಡ್ಡದ ಬಂಡೆಯಿಂದ ಇಳಿದು ಬರುವ ಗಾಳಿಯೂ ಬಿಸಿ. ಶಿವರಾತ್ರಿ ಕಳೆದ ಮೇಲೆ ಕಾಲು ಸುಡುತ್ತಿದೆ ಎಂದು ಯಾರಾದರೂ ಅಂದರೆ, ಈಗೇನಾತು, ಮೇ ಬರಲಿ ತಡಿ ಎಂದು ನಗುತ್ತೇವೆ. ಬೇರೆ ಊರಿನವನಾಗಿದ್ದರೆ ಗಾಡಿ ನಿಲ್ಲಿಸಿ ಕೈಯಿಟ್ಟು ನೋಡುತ್ತಿದ್ದನೋ ಏನೋ.

ಗಾಯ ಮಾಯಲಿಲ್ಲ. ಶನಿವಾರಗಳಲ್ಲಿ ಪಟ್ಟಿ ಬದಲಿಸುತ್ತಿದ್ದವರು ನರ್ಸಮ್ಮ, ಡಾಕ್ಟರಮ್ಮ ಚೀಟಿ ನೋಡಿ ಕಳಿಸುತ್ತಿದ್ದರು. ಶುಕ್ರವಾರದ ಹೊತ್ತಿಗೆ ಒಣಗಿದಂತೆ ಕಾಣುವುದು, ಭಾನುವಾರ ಬಿಚ್ಚಿ ನೋಡಿದರೆ ಹಸಿ, ಅಂಚು ಬೆಳ್ಳಗೆ. ಹೆಂಡತಿ ಮೂರನೆಯ ವಾರ ಹೇಳಿದಳು: "ಆಸ್ಪತ್ರಿಗೆ ಹೋಗಿ ಬಂದ ಮ್ಯಾಲೇ ಹೆಚ್ಚಾಗತೈತಲ್ರೀ. ಮನ್ಯಾಗ ಇದ್ದಷ್ಟು ದಿನ ಚಲೋ ಇರತೈತಿ." ಅವಳು ಅನುಮಾನಿಸಿದ್ದು ಅಲ್ಲಿಯ ಮುಲಾಮನ್ನು. ನಾನು ಅದನ್ನು ತಳ್ಳಿಹಾಕಿ, ವಿಜ್ಞಾನ ತಿಳಿಯದವರು ಹೀಗೇ ಎಂದೆ. ಅವಳು ಕಣ್ಣಾರೆ ನೋಡಿ ಹೇಳುತ್ತಿದ್ದಳು. ಹಾಗೆ ನೋಡುವುದನ್ನೇ ನಾನು ಸಾಲೆಯಲ್ಲಿ ವೀಕ್ಷಣೆ ಎಂಬ ಹೆಸರಿನಿಂದ ಕಲಿಸುತ್ತೇನೆ.

ನಾಲ್ಕನೆಯ ಶನಿವಾರ ಬಂತು. ಡಾಕ್ಟರಮ್ಮ ಕೊಟ್ಟ ಗಡುವು ಮುಗಿದಿತ್ತು. ಬೆರಳು ಉಳಿಯುತ್ತದೋ ಇಲ್ಲವೋ ಅಂದು ಗೊತ್ತಾಗಬೇಕು. ನಾನು ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದಿದ್ದೆ, ಅಕ್ಕ ಮಾತ್ರ ಹೊಲಗಳನ್ನು ನೋಡುತ್ತ, ಯಾರ ಬೆಳೆ ಹೇಗೆ ಬಂದಿದೆ ಎಂದು ಹೇಳುತ್ತ ಕೂತಿದ್ದಳು. ದೊಡ್ಡ ರಸ್ತೆಯಲ್ಲಿ ಅಗೆತ ನಡೆದಿತ್ತು. ಅದಕ್ಕೆ ಕುರುಗೋಡಿನ ಮೇಲೆ ಹೋಗುವ ದಾರಿ ಹಿಡಿದೆ.

ಆ ದಾರಿಯಲ್ಲಿ ಕಡಲೆ ಗಿಡ ಹರವಿದ್ದರು. ನಿಮಗೆ ಗೊತ್ತಲ್ಲ, ನಮ್ಮ ಕಡೆ ಕಣ ಮಾಡುವ ತಾಪತ್ರಯ ಬಿಟ್ಟು ರಸ್ತೆಯನ್ನೇ ಕಣ ಮಾಡಿಕೊಂಡು ಬಹಳ ಕಾಲವಾಯಿತು. ಹೋಗುವ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಗಾಲಿಯ ಕೆಳಗೆ ಒಣ ಗಿಡ ಚರಚರ ಮುರಿಯುವ ಸದ್ದು ಅಕ್ಕನಿಗೆ ಇಷ್ಟ. "ಇನ್ನೊಂದೀಟು ಈ ಬಾಜು ಬಿಡೋ, ಅವ್ರ ಕಾಳು ಉದುರಲಿ," ಎಂದಳು. ನಾನು ಗಿಡದ ಮೇಲೇ ಬಿಟ್ಟೆ. ಮುಂದೆ ಏರು. ಗಾಡಿ ಎಳೆಯದು. ನಾನು ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದೆ. ಗಾಡಿ ಗೊರಗೊರ ಅಂದಿತು, ಕನ್ನಡಿಯಲ್ಲಿ ಹಿಂದಿನ ರಸ್ತೆ ಕರಿ ಹೊಗೆಯಲ್ಲಿ ಮುಚ್ಚಿಹೋಯಿತು.

"ಕಡ್ಲಿ ಹುರದಂಗ ವಾಸ್ನಿ ಬರಾಕತೈತಿ," ಅಂದಳು ಅಕ್ಕ.

"ಹೊಲದಾಗ ಏನರ ಸುಡ್ತಿರ್ತಾರ," ಅಂದೆ.

ಮುಂದೆ ರಸ್ತೆಯ ಅಂಚಿನಲ್ಲಿ ಗಿಡ ಹರವುತ್ತಿದ್ದ ಒಬ್ಬ ಹೆಂಗಸು ನಮ್ಮ ಗಾಡಿ ನೋಡಿ ಮೊರ ಬಿಸಾಕಿ ಎರಡೂ ಕೈ ಎತ್ತಿದಳು. "ಆಪಂಡಿ! ಆಪಂಡಿ!" ಎಂದು ತೆಲುಗಿನಲ್ಲಿ ಕೂಗಿ, ನಾನು ಪಿಳಿಪಿಳಿ ನೋಡುವುದನ್ನು ಕಂಡು, "ನಿಂದ್ರಸ್ರೀ! ಗಾಡಿ ಕೆಳಗ ಹೊಗಿ!" ಎಂದು ಕಿರುಚಿದಳು.

ನಿಲ್ಲಿಸಿ ಇಳಿದೆ. ಗಾಡಿಯ ಎರಡೂ ಬದಿಯಿಂದ ಬಿಳಿ ಹೊಗೆ ಏಳುತ್ತಿತ್ತು. ಅಕ್ಕನ ಬಾಗಿಲ ಕಡೆ ಹೆಚ್ಚು. ಓಡಿಹೋಗಿ ಬಾಗಿಲು ತೆಗೆದರೆ ಅವಳ ಬೆಲ್ಟು ಬಿಚ್ಚಲು ಬರುತ್ತಿಲ್ಲ, ಗುಂಡಿ ಸಿಗುತ್ತಿಲ್ಲ. "ಅವಸ್ರ ಮಾಡಬ್ಯಾಡ, ಅಗದಿ ಸಾವಕಾಶ ಒತ್ತು," ಎಂದು ಅವಳೇ ನನಗೆ ಹೇಳುತ್ತಿದ್ದಾಳೆ. ಕೊನೆಗೆ ಟಕ್ ಅಂದಿತು. ಎರಡೂ ಕೈಯಲ್ಲಿ ಅವಳನ್ನು ಎತ್ತಿಕೊಂಡು ದೂರದ ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕೂರಿಸಿದೆ. ಅಷ್ಟು ಹಗುರ ಇರುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ.

ಹೊಲದಲ್ಲಿದ್ದವರು ಕವೆಗೋಲು ತಂದು ಗಾಡಿಯ ಕೆಳಗೆ ಸಿಕ್ಕಿಕೊಂಡಿದ್ದ ಗಿಡವನ್ನೆಲ್ಲ ಎಳೆದು ತೆಗೆದರು. ಪೈಪಿಗೆ ಸುತ್ತಿಕೊಂಡಿದ್ದದ್ದು ಕೆಂಡವಾಗಿತ್ತು. ಬೊಗಸೆಯಲ್ಲಿ ಮಣ್ಣು ಎರಚಿ ಆರಿಸಿದರು. ಅವರಲ್ಲೊಬ್ಬ ಫೋನು ಮಾಡಿದ. ಸ್ವಲ್ಪ ಹೊತ್ತಿಗೆ ಕುರುಗೋಡಿನಿಂದ ಮೊಪೆಡ್ ಮೇಲೆ ಕಾಸೀಂ ಸಾಬರು ಬಂದರು. ಅರವತ್ತು ದಾಟಿದ ಮೆಕಾನಿಕ್, ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದರು. ಬಂದವರು ಗಾಡಿಯನ್ನು ನೋಡುವ ಮೊದಲು ಅಕ್ಕನ ಹತ್ತಿರ ಹೋಗಿ, "ಅಮ್ಮಾ, ನಿಮಗೇನೂ ಆಗಿಲ್ಲಲ್ರೀ?" ಎಂದು ಕೇಳಿದರು. "ಏನೂ ಇಲ್ರೀ," ಎಂದಳು ಅಕ್ಕ.

ಬಾನೆಟ್ ಎತ್ತಿ, ನನಗೆ ಎಂಜಿನ್ ಚಾಲೂ ಮಾಡಿ ಸ್ವಲ್ಪ ಹೊತ್ತು ಜೋರಾಗಿ ಓಡಿಸಲು ಹೇಳಿದರು. ಆಮೇಲೆ ಬಾಟಲಿಯ ನೀರಿನಲ್ಲಿ ಬೆರಳು ಅದ್ದಿ, ಎಂಜಿನ್ನಿನಿಂದ ಹೊರಬರುವ ಪೈಪಿನ ಮೇಲೆ ಚಿಮುಕಿಸಿದರು. ಹನಿಗಳು ಚುಂಯ್ ಅನ್ನಲಿಲ್ಲ. ದುಂಡಗಾಗಿ ಪೈಪಿನ ಮೇಲೆ ಓಡಾಡಿ ಕೆಳಗೆ ಬಿದ್ದವು.

ಮರದ ಕೆಳಗಿನಿಂದಲೇ ಅಕ್ಕ ಅಂದಳು: "ಹಂಚು ಹೆಚ್ಚು ಕಾದೈತ್ರೀ ಅದು. ಚುಂಯ್ ಅಂದು ಆರಿದ್ರ ಹದ. ಗೋಲಿಯಂಗ ಉಳ್ಳಾಡಿದ್ರ ರೊಟ್ಟಿ ಹೊತ್ತತೈತಿ."

ಕಾಸೀಂ ಸಾಬರು ತಲೆಯೆತ್ತಿ, "ಸಹೀ ಹೇಳಿದ್ರಿ ಅಮ್ಮಾ. ಸಾರ್‌ಗಿಂತ ನಿಮಗೇ ಜಾಸ್ತಿ ಗೊತ್ತೈತಿ," ಎಂದರು. ನಾನು ನಗಬೇಕಾಗಿತ್ತು, ನಗು ಬರಲಿಲ್ಲ.

"ಆದ್ರ ಮುಳ್ಳು ನಡುವೇ ಐತಲ್ರೀ ಸಾಬ್ರ," ಎಂದೆ.

"ಮುಳ್ಳು ನೀರಿನ ಬಿಸಿ ಹೇಳತೈತ್ರಿ. ಹೊಗಿ ಬಿಸಿ ಅದಕ್ಕೇನು ಗೊತ್ತು?" ಎನ್ನುತ್ತ ಅವರು ಕೈಯನ್ನು ಒಳಕ್ಕೆ ಇಳಿಸಿ ಒಂದು ದಪ್ಪ ರಬ್ಬರ್ ಪೈಪಿನ ತಳವನ್ನು ಸವರಿದರು. ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ಪೈಪು. ಕೈ ಹೊರತೆಗೆದಾಗ ಬೆರಳಿಗೆ ಎಣ್ಣೆಯಲ್ಲಿ ಕಲಸಿದ ಕೆಂಪು ಧೂಳು ಮೆತ್ತಿತ್ತು. "ಇಲ್ಲಿ ಸೀಳೈತಿ. ಮ್ಯಾಲಿಂದ ನೋಡಿದ್ರ ಕಾಣಂಗಿಲ್ಲ. ನೀವು ಒತ್ತಿದಷ್ಟೂ ಡೀಸಲ್ ಬರತೈತಿ, ಗಾಳಿ ಮಾತ್ರ ಇಲ್ಲೇ ಸೋರಿ ಹೋಗತೈತಿ. ಗಾಳಿ ಸಾಲದ್ದಕ್ಕ ಒಳಗ ಸುಡಬೇಕಾದ್ದು ಹೊರಗ ಬಂದು ಪೈಪ್ನ್ಯಾಗ ಸುಡಾಕತೈತಿ." ಗಾಳಿಯ ಫಿಲ್ಟರ್ ಬಿಚ್ಚಿ ಬಡಿದರು. ಅದಿರಿನ ಧೂಳು, ಭತ್ತದ ತೌಡು ಎಲ್ಲ ಉದುರಿತು.

ಆಮೇಲೆ ಗೋಣಿ ಹಾಸಿ ಗಾಡಿಯ ಕೆಳಗೆ ನುಸುಳಿದರು. ಅವರ ಕಾಲುಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಒಳಗಿನಿಂದ ಧ್ವನಿ ಬಂತು.

"ಸಾರ್, ಇಲ್ಲೊಂದು ತಗಡ ಇರಬೇಕಿತ್ತಲ್ರೀ? ನಾಕೂ ತೂತು ಖಾಲಿ ಅದಾವ."

ನಮ್ಮ ಹಿತ್ತಲು, ಒಲೆ, ನೆಟ್ಟಗೆ ನಿಂತ ಉರಿ ಕಣ್ಣ ಮುಂದೆ ಬಂತು.

"ತಗಡ ಇಲ್ದ ಈ ಬಿಸಿ ಎಲ್ಲಾ ಸೀದಾ ಮ್ಯಾಲಕ್ಕ ಹೊಡಿತೈತ್ರಿ. ಮುಂದಿನ ಸೀಟ್ನ್ಯಾಗ ಯಾರು ಕುಂದರ್ತಾರ?"

ನಾನು ಹೋಗಿ ಮುಂದಿನ ಬಾಗಿಲು ತೆಗೆದು, ಅಕ್ಕ ಕಾಲಿಡುತ್ತಿದ್ದ ಕಡೆ ಅಂಗೈ ಇಟ್ಟೆ. ಇಟ್ಟಷ್ಟೇ ಬೇಗ ಹಿಂದಕ್ಕೆಳೆದೆ. ಗೋಣಿಚೀಲ ಎತ್ತಿ ತಿರುಗಿಸಿ ನೋಡಿದರೆ ಅಂಗೈ ಅಗಲ ಕಂದು ಬಣ್ಣಕ್ಕೆ ತಿರುಗಿತ್ತು. ಕೆಳಗಿನ ನಾಲ್ಕನೆಯ ಮಡಿಕೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಅದು ಒಂದು ದಿನದಲ್ಲಿ ಆದದ್ದಲ್ಲ.

ಮರದ ಕೆಳಗೆ ಹೋಗಿ ಅವಳ ಮುಂದೆ ಕೂತು ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಉಬ್ಬಿಗೆ ಆನುತ್ತಿದ್ದ ಹೊರಮಗ್ಗುಲಿನಲ್ಲಿ, ಕಿರುಬೆರಳಿನ ಕಡೆ ಬ್ಯಾಂಡೇಜು ಹಳದಿಯಾಗಿ ಗಟ್ಟಿಯಾಗಿತ್ತು. ಪಟ್ಟಿಯ ಅಂಚಿನ ಮೇಲೆ ಹೊಸ ಬೊಬ್ಬೆಯೊಂದು ಎದ್ದಿತ್ತು. ಕರೂರಿನ ರಸ್ತೆಯ ಬೊಬ್ಬೆ ನೋಡಿದ್ದವನಿಗೆ ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಅಕ್ಕಾ, ಸುಟ್ಟೈತಿ."

"ಹೌದೇನು?" ಎಂದು ಅವಳು ಬಗ್ಗಿ ನೋಡಿದಳು, ಬೇರೆ ಯಾರದೋ ಕಾಲು ನೋಡುವವಳ ಹಾಗೆ. ಆಮೇಲೆ ನನ್ನ ಮುಖ ನೋಡಿದಳು. "ನೋಯಂಗಿಲ್ಲ ಬಿಡೋ."

ಜೀವಮಾನವೆಲ್ಲ ಸುಳ್ಳಾಗಿದ್ದ ಆ ಮಾತು ಅಂದು ನಿಜವಾಗಿತ್ತು. ಅದು ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದುಕೊಂಡೆ. ಅವಳು ನೋವು ತಿಂದು ಒಂದು ಸಲ ಕಿರುಚಿದ್ದರೆ ನಾನು ಮೊದಲ ಶನಿವಾರವೇ ಗಾಡಿ ನಿಲ್ಲಿಸಿರುತ್ತಿದ್ದೆ. ಮೂರು ಶನಿವಾರ, ಹೋಗುವಾಗ ಒಮ್ಮೆ ಬರುವಾಗ ಒಮ್ಮೆ, ನಾನು ಅವಳ ಕಾಲನ್ನು ನನ್ನ ಕೈಯಾರೆ ಎತ್ತಿ ಹಂಚಿನ ಮೇಲೆ ಇಟ್ಟು ಬಳ್ಳಾರಿಗೆ ಓಡಿಸಿದ್ದೆ. ನಾನು ಅಲ್ಲೇ, ಹೊಲದವರ ಮುಂದೆ, ಕಾಸೀಂ ಸಾಬರ ಮುಂದೆ ಅತ್ತೆ. "ಎದ್ದೇಳಲೇ, ಮಾಸ್ತರ ಅದೀ ನೀನು," ಎಂದು ಅಕ್ಕ ನನ್ನ ತಲೆ ಸವರಿದಳು.

ಕಾಸೀಂ ಸಾಬರು ಒಂದು ಆಟೊ ತರಿಸಿದರು. ಹಿಂದಿನ ಸೀಟಿನಲ್ಲಿ ಅಕ್ಕನ ಕಾಲು ನನ್ನ ತೊಡೆಯ ಮೇಲೆ. ಕುರುಗೋಡಿನ ಗುಡ್ಡ ಹಿಂದೆ ಬಿತ್ತು. ಪ್ರತಿ ತಗ್ಗಿಗೂ ನಾನು ಕಾಲನ್ನು ಎತ್ತಿ ಹಿಡಿಯುತ್ತಿದ್ದೆ. ಬಳ್ಳಾರಿ ಇನ್ನೆಷ್ಟು ದೂರ ಎಂದು ಆಟೊದವನನ್ನು ನಾಲ್ಕು ಸಲ ಕೇಳಿದೆ, ನಾನೇನು ಆ ದಾರಿ ಕಾಣದವನೇ? ಅಕ್ಕ ಮಾತ್ರ ಆಟೊದವನ ಹತ್ತಿರ ಅವನ ಊರು, ಮಕ್ಕಳು, ಮನೆದೇವರು ಎಲ್ಲ ವಿಚಾರಿಸಿಕೊಂಡಳು.

ಡಾಕ್ಟರಮ್ಮ ಪಟ್ಟಿ ಬಿಚ್ಚಿ ಬಹಳ ಹೊತ್ತು ನೋಡಿದರು. "ಇದು ಬರೀ ಸಕ್ಕರೆಯ ಗಾಯ ಅಲ್ಲ. ಸುಟ್ಟ ಗಾಯ. ಮತ್ತೆ ಮತ್ತೆ ಸುಟ್ಟಿದೆ. ಅಮ್ಮ ಕಾಲನ್ನು ಎಲ್ಲಿಡುತ್ತಾರೆ?" ನಾನು ತಗಡಿನಿಂದ ಮೊದಲುಮಾಡಿ ಎಲ್ಲ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. "ಬೆರಳು ಉಳಿಯುವುದಿಲ್ಲ. ಪಾದ ಉಳಿಸಲು ನೋಡೋಣ. ಇನ್ನೆರಡು ವಾರ ಹೀಗೇ ಆಗಿದ್ದರೆ ಅದೂ ಹೋಗುತ್ತಿತ್ತು," ಎಂದರು.

ಕಿರುಬೆರಳು ಹೋಯಿತು. ಆಸ್ಪತ್ರೆಯಲ್ಲಿ ಹತ್ತು ದಿನ ನಾನು ಮಂಚದ ಕಾಲ್ದೆಸೆಯಲ್ಲೇ ಕೂತಿದ್ದೆ. ದಿನವೂ ಪಟ್ಟಿ ಬಿಚ್ಚುವಾಗ ಉಸಿರು ಬಿಗಿಹಿಡಿಯುವುದು, ಡಾಕ್ಟರಮ್ಮನ ಹುಬ್ಬು ನೋಡುವುದು, ಹುಬ್ಬು ಸಡಿಲಾದರೆ ಉಸಿರು ಬಿಡುವುದು. ಒಂಬತ್ತನೆಯ ದಿನ ಅವರು, "ಪಾದಕ್ಕೆ ಭಯವಿಲ್ಲ," ಎಂದರು. ಅಕ್ಕ ನನ್ನ ಕಡೆ ತಿರುಗಿ, "ಇನ್ನ ಒಂಬತ್ತು ಬೆರಳು ಅದಾವ, ಊಟಾ ಮಾಡ್ಕೊಂಡು ಬಾ ಹೋಗು," ಎಂದಳು.

ಅವಳು ಮನೆಗೆ ಬರುವ ಮೊದಲೇ ನಾನು ಹಿತ್ತಲಿಗೆ ಹೋಗಿ ಒಲೆಯ ಮುಂದಿನ ತಗಡು ತೆಗೆದಿದ್ದೆ. ಎರಡು ವರ್ಷದ ಮಸಿ ಒಳಮೈಗೆ ಹತ್ತಿತ್ತು, ಹೊರಮೈ ಅವಳು ತಿಕ್ಕಿದ ಹಾಗೇ ಬೆಳ್ಳಗಿತ್ತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುರುಗೋಡಿಗೆ ಹೋದೆ. ಕಾಸೀಂ ಸಾಬರು ಆಗಲೇ ಸೀಳಿದ ಪೈಪು ಬದಲಿಸಿದ್ದರು. ತಗಡನ್ನು ಬೆಳಕಿಗೆ ಹಿಡಿದು ನೋಡಿ, ಮಸಿಯನ್ನು ಬೆರಳಲ್ಲಿ ಒರಸಿ, "ಇದು ಎಲ್ಲಿತ್ರೀ?" ಎಂದು ಕೇಳಿದರು. ಹೇಳಿದೆ. ಅವರು ನಾಲ್ಕೂ ತೂತಿಗೆ ಹೊಸ ಬೋಲ್ಟು ಹಾಕಿ ಬಿಗಿದರು. ಪೈಪಿನ ಮೇಲೆ ಮತ್ತೆ ನೀರು ಚಿಮುಕಿಸಿ ತೋರಿಸಿದರು. ಚುಂಯ್ ಅಂದು ಆರಿತು.

ಅಂದಿನಿಂದ ಒಲೆಗೆ ಮರೆ ಇಲ್ಲ. ಬೇರೆ ತಗಡು ತಂದುಕೊಟ್ಟೆ, ಅದು ಅಕ್ಕನಿಗೆ ಒಗ್ಗಲಿಲ್ಲ. ಬಾಗು ಸರಿ ಇಲ್ಲವಂತೆ. "ನನ್ನ ಕಾಲಿಗ್ಯಾಕಲೇ ತಗಡು? ಕಾಲಿಗೇನು ಗೊತ್ತಾಗತೈತಿ? ಒಲಿಗೆ ಬೇಕು," ಎಂಬುದು ಅವಳ ವಾದ. ಸ್ಟೂಲಿನ ಮೇಲೆ ಕೂತು, ವಾಲುವ ಉರಿಯನ್ನು ಬೈಯುತ್ತ ರೊಟ್ಟಿ ಬಡಿಯುತ್ತಾಳೆ. ನಾನು ಕರಕಲು ಮಗ್ಗುಲನ್ನು ನನ್ನ ಕಡೆ ಮಾಡಿಕೊಂಡು ತಿನ್ನುತ್ತೇನೆ.

ಮೊನ್ನೆ ಶನಿವಾರ ಕಾಲು ತೋರಿಸಲು ಮತ್ತೆ ಕಾರಿನಲ್ಲೇ ಹೊರಟೆವು. ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆ. ಹೊರಡುವ ಮೊದಲು ನೆಲಕ್ಕೆ ಕೈ ಇಟ್ಟು ನೋಡಿದೆ, ನಡುದಾರಿಯಲ್ಲಿ ಎರಡು ಸಲ ನಿಲ್ಲಿಸಿ ನೋಡಿದೆ. ತಣ್ಣಗಿತ್ತು. ಗಾಡಿಯೂ ಚೆನ್ನಾಗಿ ಎಳೆಯುತ್ತಿತ್ತು. ಕುರುಗೋಡು ದಾಟಿತು. ಆಸ್ಪತ್ರೆಯ ಟೋಕನ್ನಿಗೆ ಹೊತ್ತಾಗುತ್ತಿತ್ತು. ಆಗ ಹಿಂದಿನಿಂದ ಅಕ್ಕನ ಧ್ವನಿ ಬಂತು.

"ತಮ್ಮಾ, ಗಾಡಿ ಒಂದೀಟು ನಿಂದ್ರಸು. ಕಾಲು ಬಿಸಿ ಆದಂಗ ಅನಸಾಕತೈತಿ."

ಹೇಗೆ ಬ್ರೇಕ್ ಒತ್ತಿದೆನೋ ಗೊತ್ತಿಲ್ಲ. ಹಿಂದಿನ ಲಾರಿಯವನು ಹಾರ್ನ್ ಹೊಡೆದು ಬೈದು ಹೋದ. ಓಡಿ ಬಂದು ಬಾಗಿಲು ತೆಗೆದು, ಮೊಣಕಾಲೂರಿ, ಅವಳ ಎರಡೂ ಪಾದ ಎತ್ತಿ, ಕೆಳಗೆ ಅಂಗೈ ಇಟ್ಟೆ. ತಣ್ಣಗಿತ್ತು. ಇನ್ನೊಂದು ಕಡೆ ಇಟ್ಟೆ. ತಣ್ಣಗಿತ್ತು. ಗಾಡಿಯ ಕೆಳಗೆ ಬಗ್ಗಿ ನೋಡಿದೆ, ತಗಡು ನಾಲ್ಕೂ ಬೋಲ್ಟಿನಲ್ಲಿ ಬಿಗಿಯಾಗಿ ಕೂತಿತ್ತು.

"ಎಲ್ಲಿ ಅಕ್ಕಾ? ಎಲ್ಲಿ ಬಿಸಿ?"

ಅಕ್ಕ ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿದಳು.

"ಎಲ್ಲೂ ಇಲ್ಲೋ," ಎಂದಳು. "ನಿಂದ್ರಸ್ತೀಯೋ ಇಲ್ಲೋ ಅಂತ ನೋಡಿದೆ."